ಹೆಚ್ಚಿಟ್ಟ ಸೇಬಿಗೆ ಹಿಡಿಯುವುದು ತುಕ್ಕಾ?

ಪ್ರಶ್ನೆ: ಬೆಳಿಗ್ಗೆ ಏಳೂವರೆಗೆ ಮಗಳ ಡಬ್ಬಿಗೆ ಸೇಬು ಹೆಚ್ಚಿ ಹಾಕುತ್ತೇನೆ. ಸ್ಕೂಲಲ್ಲಿ ತೆಗೆಯುವಷ್ಟರಲ್ಲಿ ಕಂದಾಗಿರುತ್ತದಂತೆ, ಮುಟ್ಟದೆ ವಾಪಸ್ ತರುತ್ತಾಳೆ. ಅದರಲ್ಲಿರುವ ಕಬ್ಬಿಣ ತುಕ್ಕು ಹಿಡಿಯುತ್ತದೆ, ತಿನ್ನಬಾರದು ಅಂತಾರೆ ನಮ್ಮತ್ತೆ. ನಿಜವಾ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ತುಕ್ಕಲ್ಲ ಮೇಡಂ. ಬರೀ ಬಣ್ಣ ತಿರುಗಿದ ಸೇಬು ತಿಂದರೆ ಏನೂ ಆಗುವುದಿಲ್ಲ. 100 ಗ್ರಾಂ ಸೇಬಿನಲ್ಲಿ ಕಬ್ಬಿಣ ಇರುವುದೇ ಸುಮಾರು 0.1 ಮಿಲಿಗ್ರಾಂ.

ಇದು ಪಾಲಿಫಿನಾಲ್ ಆಕ್ಸಿಡೇಸ್ ಅನ್ನುವ ಕಿಣ್ವದ ಕೆಲಸ. ಹಣ್ಣಿನ ಜೀವಕೋಶದೊಳಗೆ ಈ ಕಿಣ್ವ ಒಂದು ಕಡೆ, ಫಿನಾಲ್ ಎಂಬ ಪದಾರ್ಥಗಳು ಇನ್ನೊಂದು ಕಡೆ, ಒಂದೇ ಮನೆಯ ಬೇರೆ ಬೇರೆ ಕೋಣೆಯಲ್ಲಿದ್ದ ಹಾಗೆ ಇರುತ್ತವೆ. ಚಾಕು ಹಾಕಿದಿರೋ, ಗೋಡೆ ಒಡೆದು ಎರಡೂ ಬೆರೆಯುತ್ತವೆ, ಗಾಳಿಯ ಆಮ್ಲಜನಕವೂ ಬಂದು ಸೇರುತ್ತದೆ, ಫಿನಾಲ್ ಹೋಗಿ ಕ್ವಿನೋನ್ ಆಗುತ್ತದೆ, ಆ ಕ್ವಿನೋನ್‌ಗಳು ಒಂದಕ್ಕೊಂದು ಅಂಟಿಕೊಂಡಾಗ ಕಂದು ಬಣ್ಣ ಬರುತ್ತದೆ. ಈ ಕಿಣ್ವದೊಳಗೆ ಒಂದು ಲೋಹ ಇರುವುದೂ ನಿಜ, ಆದರೆ ಅದು ಕಬ್ಬಿಣ ಅಲ್ಲ, ತಾಮ್ರ. ಬದನೆಕಾಯಿ, ಬಾಳೆಕಾಯಿ, ಆಲೂಗೆಡ್ಡೆ ಕಪ್ಪಾಗುವುದೂ ಹೀಗೇ. ಟೀ ಸೊಪ್ಪನ್ನು ಹೊಸಕಿ ಗಾಳಿಗೆ ಬಿಟ್ಟಾಗ ಅದಕ್ಕೆ ಆ ಗಾಢ ಬಣ್ಣ ಬರುವುದರಲ್ಲೂ ಇದೇ ಕಿಣ್ವದ ಪಾತ್ರ ದೊಡ್ಡದು.

ಆದರೆ ನಿಮ್ಮತ್ತೆ ಸುಮ್ನೆ ಹೇಳಿದ್ದಲ್ಲ. ಹಳೇ ಕಬ್ಬಿಣದ ಈಳಿಗೆ ಮಣೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಜಾಸ್ತಿ ಕಪ್ಪಾಗುತ್ತದೆ ಅಲ್ವಾ, ಅಲ್ಲಿ ಈಳಿಗೆಯ ಕಬ್ಬಿಣವೇ ಕಾಯಿಯ ಒಗರಿನ ಜೊತೆ ಸೇರಿ ಕಪ್ಪು ಹಿಡಿಸುತ್ತದೆ. ಸ್ಟೀಲ್ ಚಾಕುವಿನಲ್ಲಿ ಆ ತೊಂದರೆ ಕಡಿಮೆ. ಇನ್ನು ಬಾಳೆಹೂವನ್ನು ಹೆಚ್ಚಿ ಮಜ್ಜಿಗೆಗೆ ಹಾಕುವ ಅವರ ಕಾಲದ ಪದ್ಧತಿ ಇದೆಯಲ್ಲ, ಅದೇ ಸರಿಯಾದ ಮದ್ದು. ಹುಳಿ ಇದ್ದ ಕಡೆ ಈ ಕಿಣ್ವದ ಆಟ ನಡೆಯುವುದಿಲ್ಲ.

ಸೇಬಿಗೆ ನಿಂಬೆರಸ ಸಾಕು. ಒಂದು ಬಟ್ಟಲು ನೀರಿಗೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿ, ಹೋಳುಗಳನ್ನು ಎರಡು ಮೂರು ನಿಮಿಷ ಅದ್ದಿ ತೆಗೆಯಿರಿ. ನಿಂಬೆಯ ಹುಳಿ ಕಿಣ್ವವನ್ನು ಕಟ್ಟಿಹಾಕುತ್ತದೆ, ಅದರ ಸಿ ಜೀವಸತ್ವ ಕ್ವಿನೋನನ್ನು ಮತ್ತೆ ಫಿನಾಲ್ ಮಾಡುತ್ತದೆ. ಆ ಸಿ ಜೀವಸತ್ವ ಮುಗಿದ ಮೇಲೆ ಬಣ್ಣ ನಿಧಾನಕ್ಕೆ ಬಂದೇ ಬರುತ್ತದೆ, ಆದರೆ ಅಷ್ಟರಲ್ಲಿ ಮಗಳ ಊಟದ ಬೆಲ್ ಹೊಡೆದಿರುತ್ತದೆ. ಹುಳಿ ಬೇಡ ಅಂದರೆ ಹೋಳುಗಳನ್ನು ಮತ್ತೆ ಇಡೀ ಹಣ್ಣಿನಂತೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಕಳಿಸಿ, ಒಳಗೆ ಗಾಳಿ ಅಷ್ಟಾಗಿ ಹೋಗುವುದಿಲ್ಲ.