ಮೂವತ್ತು ವರ್ಷದ ದಾರಿಗೆ ಪಕ್ಕದವರು ಬೇಲಿ ಹಾಕಿದ್ದಾರೆ. ಅನುಮತಿ ಪತ್ರ ಬರೆದುಕೊಟ್ಟು ರಾಜಿಯಾಗಲೇ, ಕೇಸು ಹಾಕಲೇ?

ಬರೆದುಕೊಡಬೇಡಿ. ಉಳಿದದ್ದನ್ನು ನಿಧಾನಕ್ಕೆ ಓದಿ, ಆ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ.

ಅಪ್ಪನ ಕಾಲದಿಂದ ಓಡಾಡಿದ ದಾರಿ, ಹೋದ ದೀಪಾವಳಿಗೆ ಬಿದ್ದ ಮುಳ್ಳುತಂತಿ, ಈಗ "ನಿಮ್ಮ ಅನುಮತಿಯಿಂದ ಓಡಾಡ್ತೀವಿ ಅಂತ ಒಂದು ಕಾಗದ ಕೊಡಿ, ತಂತಿ ತೆಗೀತೀವಿ" ಅನ್ನುವ ಮಾತು. ನಿಮ್ಮ ಪ್ರಶ್ನೆ ಓದುತ್ತಾ ಹೋದಂತೆ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು.

ನಮ್ಮದು ಮೂರು ಎಕರೆ ಹೊಲ, ರಸ್ತೆಯಿಂದ ಒಳಗೆ. ನಡುವೆ ಇನ್ನೊಬ್ಬರ ಜಮೀನು. ಅದರ ಬದುವಿನ ಪಕ್ಕದಲ್ಲೇ ನಮ್ಮ ಗಾಡಿ ಹೋಗುತ್ತಿದ್ದದ್ದು. ಎರಡು ಗಾಲಿಜಾಡು, ನಡುವೆ ಗರಿಕೆ. ತಿರುವಿನಲ್ಲೊಂದು ಬೇವಿನ ಮರ. ಗಾಡಿಯ ಅಚ್ಚು ತಾಗಿ ತಾಗಿ ಅದರ ತೊಗಟೆ ಮೊಣಕಾಲೆತ್ತರದಲ್ಲಿ ಒಂದು ಕಡೆ ಸವೆದು ನುಣ್ಣಗಾಗಿತ್ತು. ಎಷ್ಟು ವರ್ಷದಿಂದ ಎಂದು ಯಾರೂ ಲೆಕ್ಕ ಇಟ್ಟಿರಲಿಲ್ಲ, ನಾನು ಹುಟ್ಟುವ ಮೊದಲಿನಿಂದಲೂ ಅಂತೂ ಹೌದು.

ಆ ಜಮೀನಿನ ಹಿರಿಯರನ್ನು ನಾನು ದೊಡ್ಡಪ್ಪ ಅಂತಲೇ ಕರೆಯುತ್ತಿದ್ದೆ, ಸಂಬಂಧವೇನೂ ಇರಲಿಲ್ಲ. 2011ರಲ್ಲಿ ನಮ್ಮಪ್ಪ ತೀರಿಕೊಂಡ ಮೇಲೆ ಒಂದು ದಿನ ಕರೆದು, "ನೋಡಪ್ಪ, ನಾನಿರೋ ತನಕ ತೊಂದ್ರೆ ಇಲ್ಲ. ನಾಳೆ ನನ್ನ ಮಕ್ಕಳು ತಕರಾರು ತೆಗೀಬಾರ್ದು. ಒಂದು ಕಾಗದ ಇದ್ರೆ ನಿನಗೇ ಒಳ್ಳೇದು" ಅಂದರು. ಮೋಸ ಮಾಡುವ ಉದ್ದೇಶ ಅವರಿಗಿರಲಿಲ್ಲ ಎಂದೇ ಇವತ್ತಿಗೂ ನಂಬಿದ್ದೇನೆ. ನಾನೇ ಛಾಪಾ ಕಾಗದ ತಂದೆ, ನನ್ನ ಕೈಯಲ್ಲೇ ಬರೆದೆ: "ತಮ್ಮ ಜಮೀನಿನಲ್ಲಿ ತಮ್ಮ ಅನುಮತಿ ಮೇರೆಗೆ ಓಡಾಡುತ್ತಿದ್ದೇನೆ. ತಾವು ಬೇಡವೆಂದ ದಿನ ತಕರಾರಿಲ್ಲದೆ ನಿಲ್ಲಿಸುತ್ತೇನೆ." ಎರಡನೇ ವಾಕ್ಯ ಬರೆಯಲು ಅವರು ಹೇಳಿರಲೇ ಇಲ್ಲ. ಹಿರಿಯರಿಗೆ ಬರೆಯುವಾಗ ವಿನಯ ಇರಲಿ ಎಂದು ನಾನೇ ಸೇರಿಸಿದ್ದು.

ಅವರು ಹೋದರು. ಮಕ್ಕಳು ಜಮೀನು ಮಾರಿದರು. 2017ರಲ್ಲಿ ಕೊಂಡವರು ಮೊದಲ ವಾರದಲ್ಲೇ ಕಲ್ಲುಕಂಬ ನೆಟ್ಟು ತಂತಿ ಎಳೆದರು. ಪೊಲೀಸ್ ಠಾಣೆಗೆ ಹೋದರೆ "ಇದು ಸಿವಿಲ್ ಮ್ಯಾಟರ್" ಎಂದು ಕಳಿಸಿದರು. ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿದೆ, ಜೊತೆಗೆ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ. ಐವತ್ತು ವರ್ಷದ ದಾರಿ, ಊರೆಲ್ಲ ಸಾಕ್ಷಿ, ಸೋಲುವ ಮಾತೇ ಇಲ್ಲ ಅಂದುಕೊಂಡಿದ್ದೆ.

ಇಲ್ಲಿ ಸ್ವಲ್ಪ ಕಾನೂನು ಹೇಳಲೇಬೇಕು, ನಾನು ಕೆಟ್ಟದ್ದು ಇಲ್ಲಿಯೇ. 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಕಲಂ ಪ್ರಕಾರ, ಬೇರೆಯವರ ಜಮೀನಿನಲ್ಲಿ ದಾರಿಯನ್ನು ಬಹಿರಂಗವಾಗಿ, ಗಲಾಟೆಯಿಲ್ಲದೆ, ಹಕ್ಕೆಂದು, ತಡೆಯಿಲ್ಲದೆ 20 ವರ್ಷ ಬಳಸಿದರೆ ಅದು ಹಕ್ಕಾಗುತ್ತದೆ. ಸರ್ಕಾರಿ ಜಮೀನಾದರೆ 30 ವರ್ಷ. 'ಹಕ್ಕೆಂದು' ಎನ್ನುವ ಪದ ನೋಡಿ. ಕೇಳಿಕೊಂಡು ಓಡಾಡಿದ್ದು ಲೆಕ್ಕಕ್ಕಿಲ್ಲ. ಸರಿ, ಕಾಗದ ಬರೆಯುವ ಹೊತ್ತಿಗೆ ನನ್ನ ಇಪ್ಪತ್ತು ವರ್ಷ ಯಾವಾಗಲೋ ಮುಗಿದಿತ್ತಲ್ಲ ಅನ್ನುತ್ತೀರಿ. ನಾನೂ ವಕೀಲರಿಗೆ ಅದನ್ನೇ ಹೇಳಿದ್ದು. ಆದರೆ ಅದೇ ಕಲಂನಲ್ಲಿ ಇನ್ನೊಂದು ಮಾತಿದೆ: ಆ 20 ವರ್ಷ ದಾವೆ ಹೂಡುವುದಕ್ಕೆ ಹಿಂದಿನ ಎರಡು ವರ್ಷದೊಳಗೆ ಕೊನೆಗೊಂಡಿರಬೇಕು. ಅಂದರೆ ಅಜ್ಜನ ಕಾಲದ್ದು, ಅಪ್ಪನ ಕಾಲದ್ದು ಎಷ್ಟೇ ಇದ್ದರೂ ಕೋರ್ಟು ನೋಡುವುದು ದಾವೆಗೆ ತಾಗಿಕೊಂಡಿರುವ ಇಪ್ಪತ್ತನ್ನು. ನನ್ನ ಇಪ್ಪತ್ತರಲ್ಲಿ ಕೊನೆಯ ಆರು ವರ್ಷ 'ತಮ್ಮ ಅನುಮತಿ ಮೇರೆಗೆ' ಆಗಿಹೋಗಿತ್ತು.

ಪಾಟಿ ಸವಾಲಿನ ದಿನ ಎದುರು ವಕೀಲರು ನನ್ನನ್ನು ಗದರಿಸಲಿಲ್ಲ, ಗೊಂದಲಕ್ಕೂ ತಳ್ಳಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಆ ಕಾಗದ ತೆಗೆದು, "ಈ ಅಕ್ಷರ ತಮ್ಮದೇನಾ?" ಅಂದರು. ಹೌದು. "ಸಹಿ?" ಹೌದು. "ಒಮ್ಮೆ ಜೋರಾಗಿ ಓದಿ." ಓದಿದೆ. ಅವರು ಕೂತರು.

ಇನ್ನೂ ಉರಿಯುವ ಸಂಗತಿ ಮನೆಗೆ ಬಂದ ಮೇಲೆ ಗೊತ್ತಾಯಿತು. ಅನುಮತಿ ಎನ್ನುವುದು ಕಾಯ್ದೆಯ ಭಾಷೆಯಲ್ಲಿ ಬರೀ ಲೈಸೆನ್ಸ್. 59ನೇ ಕಲಂ ಪ್ರಕಾರ, ಲೈಸೆನ್ಸ್ ಕೊಟ್ಟವರು ಜಮೀನು ಮಾರಿದರೆ ಕೊಂಡವರು ಅದಕ್ಕೆ ಕಟ್ಟುಬೀಳಬೇಕಿಲ್ಲ. ಹಾಗಾಗಿ ಆ ಕಾಗದ ನನಗೆ ಒಂದು ದಿನದ ದಾರಿಯನ್ನೂ ಕೊಡಲಿಲ್ಲ, ನನ್ನ ಹಕ್ಕು ಕೊಲ್ಲುವುದಕ್ಕೆ ಮಾತ್ರ ಜೀವಂತವಾಗಿತ್ತು. ದೊಡ್ಡಪ್ಪನ ಮಕ್ಕಳು ಕ್ರಯಪತ್ರದ ಜೊತೆ ಅದನ್ನೂ ಜೋಪಾನವಾಗಿ ದಾಟಿಸಿದ್ದರು.

'ಬೇರೆ ದಾರಿಯೇ ಇಲ್ಲ ಸ್ವಾಮಿ' ಎಂಬ ವಾದವೂ ನಿಲ್ಲಲಿಲ್ಲ. 13ನೇ ಕಲಂನ ಅಗತ್ಯದ ಹಕ್ಕು ಸಿಗುವುದು ಎರಡೂ ಜಮೀನು ಹಿಂದೆ ಒಬ್ಬರದೇ ಆಗಿದ್ದು, ಪಾಲಿನಲ್ಲೋ ಮಾರಾಟದಲ್ಲೋ ಬೇರೆಯಾಗಿದ್ದರೆ. ನಮ್ಮವು ಯಾವತ್ತೂ ಒಂದಾಗಿರಲಿಲ್ಲ. ಮೇಲಾಗಿ ಹಳ್ಳದ ದಂಡೆಯ ಮೇಲೆ ಸುತ್ತು ಬಳಸಿ ನಡೆದು ಬರಬಹುದಿತ್ತು. ಅನಾನುಕೂಲ ಬೇರೆ, ಅಗತ್ಯ ಬೇರೆ ಎಂದರು ನ್ಯಾಯಾಧೀಶರು. ಕೋರ್ಟ್ ಕಮಿಷನರ್ ಸ್ಥಳ ನೋಡಲು ಬರುವ ಹೊತ್ತಿಗೆ ಬೇವಿನ ಮರದ ಬೊಡ್ಡೆಯೂ ಇರಲಿಲ್ಲ, ಗಾಲಿಜಾಡಿನ ಮೇಲೆ ಟ್ರ್ಯಾಕ್ಟರ್ ಉತ್ತಿತ್ತು. ನನ್ನ ಹತ್ತಿರ ಒಂದು ಫೋಟೋ ಕೂಡ ಇರಲಿಲ್ಲ. ನಾಲ್ಕು ವರ್ಷಕ್ಕೆ ಸೋತೆ. ಅಷ್ಟೂ ವರ್ಷ ಜೋಳದ ಚೀಲ ಹಳ್ಳದ ದಂಡೆಯಲ್ಲಿ ತಲೆಹೊರೆ.

ಈಗ ನಿಮ್ಮ ವಿಷಯ. 'ರಾಜಿಯೋ ಕೇಸೋ' ಎಂದು ಕೇಳಿದ್ದೀರಲ್ಲ, ಆ ಪ್ರಶ್ನೆಯೇ ತಪ್ಪು. ಆ ಕಾಗದ ರಾಜಿಯಲ್ಲ, ಶರಣಾಗತಿ. ಸಂಬಂಧ ಉಳಿಯಲಿ ಅನ್ನುತ್ತೀರಿ, ತಂತಿ ಎಳೆದ ದಿನವೇ ಅದು ಹೋಗಿದೆ.

ನಾಳೆಯೇ ಗ್ರಾಮ ನಕಾಶೆ ತೆಗೆಸಿ. ಅದರಲ್ಲಿ ಒಂಟಿ ಚುಕ್ಕೆಸಾಲು ಇದ್ದರೆ ಕಾಲುದಾರಿ, ಜೋಡಿ ಚುಕ್ಕೆಸಾಲು ಇದ್ದರೆ ಬಂಡಿದಾರಿ. ನಿಮ್ಮ ದಾರಿ ಹಾಗೆ ನಕಾಶೆಯಲ್ಲಿ ಕಂಡರೆ, ಅಥವಾ ಪಕ್ಕದವರ ಪಹಣಿಯಲ್ಲಿ ದಾರಿಗೆಂದು ಬಿ ಖರಾಬು (ಸಾರ್ವಜನಿಕ ಬಳಕೆಯ ನೆಲ) ಬಿಟ್ಟಿದ್ದರೆ, ನೀವು ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ನಕಾಶೆ ಲಗತ್ತಿಸಿ ತಹಶೀಲ್ದಾರರಿಗೆ ಅರ್ಜಿ ಕೊಡಿ. ನನ್ನ ದುರದೃಷ್ಟ, ನಮ್ಮ ಊರಿನ ಚುಕ್ಕೆಸಾಲು ಎರಡು ಸರ್ವೆ ನಂಬರ್ ಹಿಂದೆಯೇ ನಿಂತಿತ್ತು. ಹಳೆಯ ಕ್ರಯಪತ್ರ, ಪಾಲುಪತ್ರಗಳ ಚೆಕ್ಕುಬಂದಿಯನ್ನೂ (ನಾಲ್ಕು ದಿಕ್ಕಿನ ಗಡಿ ವಿವರ) ಓದಿ. ನಿಮ್ಮದರಲ್ಲಷ್ಟೇ ಅಲ್ಲ, ಪಕ್ಕದವರದರಲ್ಲೂ. ಎಲ್ಲೋ ಒಂದು ಕಡೆ 'ಪೂರ್ವಕ್ಕೆ ಓಡಾಡುವ ದಾರಿ' ಎಂದು ಬರೆದಿದ್ದರೆ ಅದೊಂದು ಸಾಲು ಹತ್ತು ಸಾಕ್ಷಿಗೆ ಸಮ. ದಾರಿಯ ಫೋಟೋ ಇವತ್ತೇ ತೆಗೆಯಿರಿ, ಮರ ಕಲ್ಲು ಎಲ್ಲ ಸೇರಿಸಿ.

ರಾಜಿಯೇ ಬೇಕೆಂದರೆ ದುಡ್ಡು ಕೊಟ್ಟು ಮಾಡಿಕೊಳ್ಳಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಕೊನೆಗೆ ನಾನು ಇನ್ನೊಂದು ಮಗ್ಗುಲಿನವರಿಂದ 10 ಅಡಿ ಅಗಲ, 436 ಅಡಿ ಉದ್ದದ ದಾರಿ ಹಕ್ಕನ್ನು ನೋಂದಾಯಿಸಿಕೊಂಡೆ. ಲೆಕ್ಕ ಹಾಕಿದರೆ ಬರೀ ನಾಲ್ಕು ಗುಂಟೆ ನೆಲ. ಪತ್ರದಲ್ಲಿ ಅಳತೆ, ನಕ್ಷೆ, ಟ್ರ್ಯಾಕ್ಟರು, ಪೈಪು, ಕರೆಂಟಿನ ತಂತಿ, ಎರಡೂ ಜಮೀನು ಮುಂದೆ ಯಾರ ಕೈಗೆ ಹೋದರೂ ಹಕ್ಕು ಉಳಿಯುತ್ತದೆ ಎಂಬುದು, ಎಲ್ಲ ಬರೆಸಿದೆ. 'ಅನುಮತಿ' ಎಂಬ ಪದ ಎಲ್ಲೂ ಬಾರದಂತೆ ಮೂರು ಸಲ ಓದಿಸಿ ಕೇಳಿದೆ. ಬರಹಗಾರರಿಗೆ ಬೇಸರ ಬಂದಿತ್ತು.

ಇನ್ನೊಂದು, ಇದಕ್ಕೆ ಮಾತ್ರ ಗಡುವಿದೆ. ಬೇಲಿ ಬಿದ್ದದ್ದು ಗೊತ್ತಾಗಿಯೂ ಒಂದು ವರ್ಷ ಸುಮ್ಮನೆ ಒಪ್ಪಿಕೊಂಡಿದ್ದರೆ 15ನೇ ಕಲಂ ಅದನ್ನು 'ತಡೆ' ಎಂದು ಎಣಿಸುತ್ತದೆ, ಮೂವತ್ತು ವರ್ಷದ ಕೊಂಡಿ ಕಳಚುತ್ತದೆ. ಲಿಖಿತ ತಕರಾರನ್ನು ಈ ವಾರವೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನಕಾಶೆಯಲ್ಲಿ ದಾರಿ ಇಲ್ಲದಿದ್ದರೆ, ಬೇಲಿ ಬಿದ್ದು ಒಂದು ವರ್ಷ ತುಂಬುವುದರೊಳಗೆ ದಾವೆ ಕೋರ್ಟಿನಲ್ಲಿರಬೇಕು.