ಸಮಾಧಿಯ ಮುಂದೆ ನಿಂತರೂ ಮನಸ್ಸು ಕರಗಲಿಲ್ಲ

ಪ್ರಶ್ನೆ: ಸ್ವಾಮಿ, ಏಳು ವರ್ಷ ಚೀಟಿ ಕಟ್ಟಿ ಕೂಡಿಸಿದ ಹಣದಲ್ಲಿ 2019ರಲ್ಲಿ ಜೆರುಸಲೇಮಿಗೆ ಹೋಗಿ ಬಂದೆ. ಯೇಸುಸ್ವಾಮಿಯ ಸಮಾಧಿ ನೋಡಲು ಎರಡು ಗಂಟೆ ಸಾಲಿನಲ್ಲಿ ನಿಂತೆ. ಒಳಗೆ ಸಿಕ್ಕಿದ್ದು ಅರ್ಧ ನಿಮಿಷ. ‘ಬೇಗ, ಬೇಗ’ ಎಂದು ಹೊರಗೆ ಕಳಿಸಿದರು. ಜೊತೆಯವರೆಲ್ಲ ಅಳುತ್ತಿದ್ದರು. ನನಗೆ ಕಾಲುನೋವು ಬಿಟ್ಟರೆ ಏನೂ ಅನಿಸಲಿಲ್ಲ. ಅದೇ ಚರ್ಚಿನೊಳಗೆ, ಯೇಸುಸ್ವಾಮಿಯನ್ನು ಶಿಲುಬೆಗೇರಿಸಿದ ಜಾಗವಾದ ಕಲ್ವಾರಿಗೆ ಹತ್ತುವ ಕಡಿದಾದ ಮೆಟ್ಟಿಲಲ್ಲಿ ಮಂಡಿ ಹಿಡಿದುಕೊಂಡು ನಿಂತಾಗ, ಬಿಳಿ ಶಾಲು ಹೊದ್ದ ಇಥಿಯೋಪಿಯಾದ ಹೆಂಗಸೊಬ್ಬರು ಕೈ ಹಿಡಿದು ಹತ್ತಿಸಿದರು. ಚೆನ್ನಾಗಿ ನೆನಪಿರುವುದು ಅದೊಂದೇ. ನನ್ನ ವಿಶ್ವಾಸದಲ್ಲೇ ಕೊರತೆ ಇದೆಯಾ? ಯಾರ ಹತ್ತಿರವೂ ಇದನ್ನು ಹೇಳಿಕೊಂಡಿಲ್ಲ.
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಅಮ್ಮಾ, ಇಷ್ಟು ವರ್ಷ ಇದನ್ನು ಒಬ್ಬರೇ ಮನಸ್ಸಿನಲ್ಲಿಟ್ಟುಕೊಂಡು ಕೊರಗಿದ್ದೀರಲ್ಲ, ಓದಿ ಸಂಕಟವಾಯಿತು. ನಿಮ್ಮ ವಿಶ್ವಾಸಕ್ಕೆ ಏನೂ ಆಗಿಲ್ಲ. ಮೊದಲ ಸಲ ಹೋದಾಗ ನನಗೂ ಹೀಗೇ ಆಗಿತ್ತು. ಆ ಒಳಕೋಣೆಗೆ ತಲೆ ಬಗ್ಗಿಸಿ ಹೋಗಬೇಕು. ಒಳಗೆ ಮೂರ್ನಾಲ್ಕು ಜನಕ್ಕಷ್ಟೇ ಜಾಗ. ಹಿಂದಿನವರ ಬ್ಯಾಗ್ ಬೆನ್ನಿಗೆ ಒತ್ತುತ್ತಿತ್ತು. ಅಮೃತಶಿಲೆಯ ಮೇಲೆ ಕೈಯಿಟ್ಟೆ, ತಣ್ಣಗಿತ್ತು. ಪರಲೋಕ ಮಂತ್ರ ಅರ್ಧಕ್ಕೇ ನಿಂತಿತು.

ಹೊರಗೆ ಬಂದು, ಚರ್ಚಿನ ಬಾಗಿಲ ಹತ್ತಿರ ಸುಮ್ನೆ ಕುಳಿತೆ. ಅಲ್ಲಿ ನೆಲದಲ್ಲಿ ಕೆಂಪು ಕಲ್ಲಿನ ಉದ್ದನೆಯ ಚಪ್ಪಡಿಯಿದೆ, ನೀವೂ ನೋಡಿರುತ್ತೀರಿ. ಶಿಲುಬೆಯಿಂದ ಇಳಿಸಿದ ಯೇಸುಸ್ವಾಮಿಯ ದೇಹಕ್ಕೆ ಸುಗಂಧ ಪೂಸಿದ ಜಾಗ ಎನ್ನುತ್ತಾರೆ. ಒಬ್ಬ ಅಜ್ಜಿ ಮೊಣಕಾಲೂರಿ, ಪುಟ್ಟ ಶೀಶೆಯಿಂದ ಎಣ್ಣೆ ಸುರಿದು, ಕಲ್ಲಿನ ತುಂಬ ಅಂಗೈಯಿಂದ ಸವರಿದರು. ಎಳೆಮಗುವಿಗೆ ಎಣ್ಣೆ ಹಚ್ಚುವ ಹಾಗೆ. ಆಮೇಲೆ ಬಿಳಿ ಕರವಸ್ತ್ರದಲ್ಲಿ ಒರೆಸಿ, ಅದನ್ನು ನಾಲ್ಕು ಮಡಿಕೆ ಮಾಡಿ ಎದೆಗೊತ್ತಿಕೊಂಡರು. ಆ ಚಪ್ಪಡಿ ಹಾಕಿದ್ದು 1810ರಲ್ಲಿ, 1808ರ ಬೆಂಕಿ ಅನಾಹುತದ ನಂತರ ಚರ್ಚನ್ನು ಸರಿಮಾಡಿದಾಗ. ನನಗದು ಗೊತ್ತಿತ್ತು. ಆದರೂ ಕಣ್ಣು ತುಂಬಿ ಬಂತು. ಆ ಭಾನುವಾರ ಬೆಳಗ್ಗೆ ಸುಗಂಧದ್ರವ್ಯ ಹಿಡಿದು ಸಮಾಧಿಗೆ ಬಂದ ಹೆಂಗಸರು, ಸಮಾಧಿ ಬರಿದಾಗಿದ್ದರಿಂದ, ಮಾಡಲಾಗದೆ ಹೋದ ಕೆಲಸವನ್ನು ಆ ಅಜ್ಜಿ ಮಾಡುತ್ತಿದ್ದರು.

ಈಗ ನಿಮ್ಮ ಪತ್ರ. ಬಿಳಿ ಶಾಲಿನ ಹೆಂಗಸಿನ ಸಾಲನ್ನು ನೀವು ಬರೆದು ದಾಟಿಬಿಟ್ಟಿರಿ. ನಾನು ಮೂರು ಸಲ ಓದಿದೆ. ಸ್ವಾಮಿ ಕಲ್ವಾರಿಗೆ ನಡೆಯುವಾಗ ಶಿಲುಬೆಗೆ ಹೆಗಲು ಕೊಟ್ಟವನು ಯಾರು? ಸಿರೇನ್ಯದ ಸಿಮೋನ. ಸಿರೇನ್ಯ ಇದ್ದದ್ದು ಆಫ್ರಿಕಾದಲ್ಲಿ, ಈಗಿನ ಲಿಬಿಯಾದಲ್ಲಿ. ದಾರಿಯಲ್ಲಿ ಬರುತ್ತಿದ್ದವನನ್ನು ಸೈನಿಕರು ಹಿಡಿದು ಹೊರಿಸಿದರು. ನಿಮ್ಮ ಕೈ ಹಿಡಿದವರನ್ನು ಯಾರೂ ಬಲವಂತ ಮಾಡಿರಲಿಲ್ಲ. ಅದೂ ಎಲ್ಲಿ? ಕಲ್ವಾರಿಯ ಮೆಟ್ಟಿಲಲ್ಲೇ!

ಅಳು ಬರಲಿಲ್ಲ ಅಂತ ಬೇಸರ ಬೇಡ. ಸ್ವಾಮಿಯನ್ನು ಬಂಧಿಸಿದ ರಾತ್ರಿ, ಗೆತ್ಸೆಮನೆ ತೋಟದಲ್ಲಿ ಸ್ವಾಮಿಯೇ ಹತ್ತಿರದಲ್ಲಿದ್ದರೂ ಶಿಷ್ಯರಾದ ಪೇತ್ರ, ಯಕೋಬ, ಯೊವಾನ್ನ ಮೂವರೂ ನಿದ್ದೆ ಹೋಗಿದ್ದರು. ದಣಿದ ಮೈ ಅಲ್ವಾ?

ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ, ಸ್ವಾಮಿಯ ಕೊನೆಯ ನಡಿಗೆಯ ಒಂದೊಂದು ಸ್ಥಳದಲ್ಲೂ ನಿಂತು ಪ್ರಾರ್ಥಿಸುವ ಶಿಲುಬೆ ಹಾದಿ ಮಾಡುವಾಗ ಐದನೇ ಸ್ಥಳದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಅದು ಸಿಮೋನನ ಸ್ಥಳ. ಆ ಹೆಂಗಸಿಗಾಗಿ ಒಂದು ‘ನಮೋ ಮರಿಯ’ ಪ್ರಾರ್ಥನೆ ಹೇಳಿ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ.