ವಾಚ್ ಅಂಗಡಿಯಿಂದ: 'ಮೇಡಂ, ನಿಮಗೆ ಲೇಟ್ ಆಯ್ತಾ?'

ಪ್ರಶ್ನೆ: ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್. ಹೋದ ವರ್ಷ ಹುಟ್ಟುಹಬ್ಬಕ್ಕೆ ಮಗ ಸ್ಮಾರ್ಟ್‌ವಾಚ್ ಕೊಡಿಸಿದ. ಕೌಂಟರ್‌ನಲ್ಲಿ ಕೂತಾಗ ಅದು ಗುರ್ ಅಂತ ನಡುಗುತ್ತದೆ, ಕಣ್ಣು ತಾನಾಗೇ ಕೈ ಕಡೆ ಹೋಗುತ್ತದೆ. ಮೊನ್ನೆ ಪಿಂಚಣಿಗೆ ಬಂದಿದ್ದ ಅಜ್ಜ ಒಬ್ಬರು "ಮೇಡಂ, ನಿಮಗೆ ಲೇಟ್ ಆಯ್ತಾ? ನಾಳೆ ಬರ್ತೀನಿ ಬಿಡಿ" ಅಂದುಬಿಟ್ಟರು. ತುಂಬಾ ನಾಚಿಕೆಯಾಯಿತು. ಮೊದಲ ಸಂಬಳದಲ್ಲಿ ತಗೊಂಡ ಸೆಲ್ ವಾಚ್ ಒಂದು ಐದಾರು ವರ್ಷದಿಂದ ಬೀರುವಿನಲ್ಲಿದೆ, ನಿಂತುಹೋಗಿದೆ. ಅದನ್ನೇ ಕಟ್ಟಲಾ, ಇಲ್ಲ ಕೀ ಕೊಡುವ ವಾಚ್ ತಗೊಳ್ಳಲಾ? ಮಗನಿಗೆ ಏನು ಹೇಳಲಿ?
- ಹೆಸರು ಬೇಡ, ಶಿವಮೊಗ್ಗ

ಉತ್ತರ: ಮೊದಲು ಬೀರು ತೆಗೆಯಿರಿ. ಆ ವಾಚನ್ನು ಇವತ್ತೇ ಹತ್ತಿರದ ಅಂಗಡಿಗೆ ಒಯ್ದು, ಒಳಗಿರುವ ಸತ್ತ ಸೆಲ್ ತೆಗೆಸಿ. ಉಳಿದ ಮಾತು ಆಮೇಲೆ. ಮುಗಿದ ಸೆಲ್ ಒಳಗೇ ಕೂತರೆ ನಿಧಾನಕ್ಕೆ ಸೋರುತ್ತದೆ. ಹಿಂದಿನ ಮುಚ್ಚಳ ತೆಗೆದಾಗ ಉಪ್ಪು ಹೂತ ಹಾಗೆ ಪುಡಿ ಕಾಣಿಸುತ್ತದೆ. ಅಷ್ಟೇ ಆಗಿದ್ದರೆ ತೊಳೆದು ಸರಿಮಾಡಬಹುದು. ಸೋರಿದ್ದು ಕಾಯಿಲ್ ಅನ್ನೋ ಸಣ್ಣ ತಂತಿಸುರುಳಿಯನ್ನು ತಿಂದುಹಾಕಿದ್ದರೆ ಮಿಷನ್ನೇ ಬದಲಿಸಬೇಕು. "ಕಟ್ಟೋದೇ ಇಲ್ಲ, ಸೆಲ್ ಯಾಕೆ ತೆಗೀಬೇಕು" ಅಂತ ಕೇಳುವವರೇ ಜಾಸ್ತಿ. ಕಟ್ಟದೇ ಇರುವ ವಾಚೇ ಹೀಗೆ ಹಾಳಾಗುವುದು.

ಈಗ ಅಜ್ಜನ ಮಾತಿಗೆ ಬರೋಣ. ನನಗೂ ಅಂಥದ್ದೇ ಆಯಿತು. ಅಣ್ಣನ ಮಗ ಒಂದು ಸ್ಮಾರ್ಟ್‌ವಾಚ್ ತಂದುಕೊಟ್ಟ. ವಾಚ್ ರಿಪೇರಿಯವನು ಬೇಡ ಅನ್ನಲು ಆಗುತ್ತಾ? ನಾಲ್ಕು ತಿಂಗಳು ಕಟ್ಟಿದೆ. ಒಂದು ಮಧ್ಯಾಹ್ನ ಹಳೆ ಎಚ್‌ಎಂಟಿ ಜನತಾ ಬಿಚ್ಚಿಕೊಂಡು ಕೂತಿದ್ದೆ. ಕಣ್ಣಿಗೆ ಐಗ್ಲಾಸ್, ಚಿಮಟದಲ್ಲಿ ಎಳ್ಳಿಗಿಂತ ಚಿಕ್ಕ ಸ್ಕ್ರೂ. ಗುರ್ ಅಂತು. ಕೈ ಒಂದು ಕೂದಲೆಳೆಯಷ್ಟು ಅಲುಗಿರಬೇಕು, ಅಷ್ಟೇ. ಸ್ಕ್ರೂ ಹಾರಿಹೋಯಿತು. ಒಂದೂವರೆ ಗಂಟೆ ಆಯಸ್ಕಾಂತ ಹಿಡಿದು ನೆಲವೆಲ್ಲ ಸವರಿದೆ. ಕೊನೆಗೆ ಸಿಕ್ಕಿದ್ದು ನನ್ನ ಅಂಗಿಯ ಮಡಿಕೆಯಲ್ಲೇ. ಬಂದಿದ್ದ ಮೆಸೇಜ್ ಏನು ಗೊತ್ತಾ? 'ನಿಮಗೆ ಸಾಲ ಮಂಜೂರಾಗಿದೆ'. ನಾನು ಕೇಳಿಯೇ ಇರಲಿಲ್ಲ.

ಆ ನಡುಕವನ್ನು ನಿಲ್ಲಿಸಿ ಇಡಬಹುದು, ನಿಜ. ಮೆಸೇಜ್, ಕರೆ ಎಲ್ಲ ಬಂದ್ ಮಾಡಿಯೂ ನೋಡಿದೆ. ಆಗ ಉಳಿದದ್ದು ಏನು? ದಿನಾ ಚಾರ್ಜ್‌ಗೆ ಇಡಬೇಕಾದ ಒಂದು ವಾಚು. ಮುಳ್ಳಿನ ವಾಚಿನಲ್ಲಿ ಟೈಮ್ ನೋಡುವುದಕ್ಕೆ ಕೈ ಎತ್ತಬೇಕಾಗಿಲ್ಲ. ನೋಟು ಎಣಿಸುತ್ತಲೇ ಓರೆಗಣ್ಣಿಗೆ ಮುಳ್ಳು ಎಲ್ಲಿದೆ ಅಂತ ಸಿಗುತ್ತದೆ. ಎದುರಿಗೆ ನಿಂತವರಿಗೆ ಗೊತ್ತೂ ಆಗುವುದಿಲ್ಲ.

ಸೆಲ್ಲೋ ಕೀಯೋ? ನನಗೆ ಕೀ ವಾಚ್ ಅಂದರೆ ಪ್ರಾಣ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚ್ ಮಾಡಲು ಶುರುಮಾಡಿತು. ಆಮೇಲೆ ನಮ್ಮ ತುಮಕೂರಿಗೂ ಕಾರ್ಖಾನೆ ಬಂತು. ಈ ಊರಿನಲ್ಲಿ ಮನೆಗೊಬ್ಬರು ಅಲ್ಲದಿದ್ದರೂ ಬೀದಿಗೊಬ್ಬರು ಅಲ್ಲಿ ಕೆಲಸ ಮಾಡಿದವರು ಸಿಗುತ್ತಿದ್ದರು. ನಾನು ಈ ಕೆಲಸ ಕಲಿತದ್ದೂ ಅಂಥವರೊಬ್ಬರ ಹತ್ತಿರ. ಜನತಾ ಸೆಕೆಂಡಿಗೆ 5 ಸಲ ಬಡಿಯುತ್ತದೆ, ಗಂಟೆಗೆ 18,000. ಕಿವಿಗೆ ಹಿಡಿದರೆ ಕೇಳಿಸುತ್ತದೆ. ಡಯಲ್ ಮೇಲೆ '17 ಜ್ಯುವೆಲ್ಸ್' ಅಂತ ಇರುವುದನ್ನು ಓದಿ, "ಹರಳು ತೆಗೆದುಬಿಟ್ಟಿಲ್ಲ ತಾನೇ?" ಅಂತ ಸರ್ವಿಸ್ ಆದಮೇಲೆ ಅನುಮಾನದಿಂದ ಕೇಳುವವರು ಈಗಲೂ ಇದ್ದಾರೆ. ಅವು ಕಾರ್ಖಾನೆಯಲ್ಲಿ ಮಾಡಿದ ಕೆಂಪು ಹರಳುಗಳು. ಚಕ್ರದ ಅಚ್ಚು ಸವೆಯದಿರಲಿ ಅಂತ ಹಾಕಿರುತ್ತಾರೆ. ಮಾರಿದರೆ ಒಂದು ಕಾಫಿಯೂ ಬರುವುದಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೂ ನಿಮಗೆ ನಾನು ಹೇಳುವುದು ಸೆಲ್ ವಾಚೇ. ಕೀ ವಾಚಿಗೆ ದಿನಾ ಬೆಳಿಗ್ಗೆ ಕೀ ಕೊಡಬೇಕು. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ ಹಾಕಿಸಬೇಕು. ಹಳೆಯದಾದರೆ ದಿನಕ್ಕೆ ಅರ್ಧ ನಿಮಿಷ ಆಚೀಚೆ ಆಗುವುದು ಮಾಮೂಲು. ಪಾತ್ರೆ ತೊಳೆಯುವಾಗ ಬಿಚ್ಚಿಡಲು ಮರೆತರೆ ಗ್ಲಾಸ್ ಒಳಗೆ ಮಂಜು ಕಟ್ಟುತ್ತದೆ. ಸೆಲ್ ವಾಚಿಗೆ ಇಷ್ಟು ರಗಳೆ ಇಲ್ಲ. ಅದರೊಳಗಿನ ಸಣ್ಣ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಲೆಕ್ಕ ಯಾಕೆ ಅಂದರೆ, ಅದನ್ನು 15 ಸಲ ಅರ್ಧ ಮಾಡಿದರೆ ಸರಿಯಾಗಿ 1 ಬರುತ್ತದೆ, ಅಂದರೆ ಸೆಕೆಂಡಿಗೆ ಮುಳ್ಳಿನ ಒಂದು ಹೆಜ್ಜೆ. ಕ್ಯಾಷಿಯರ್ ಅಲ್ವಾ ನೀವು, ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನೋಡಿ. ತಿಂಗಳಿಗೆ ಕೆಲವು ಸೆಕೆಂಡ್ ಬಿಟ್ಟರೆ ತಪ್ಪುವುದಿಲ್ಲ. ಸೆಲ್ ಎರಡು ಮೂರು ವರ್ಷ ಬರುತ್ತದೆ.

ಒಂದು ಮಾತು ಮಾತ್ರ ನೆನಪಿಡಿ. ಎದೆಬಡಿತದ ಮೇಲೆ ಕಣ್ಣಿಡಿ ಅಂತ ಡಾಕ್ಟರ್ ಹೇಳಿದ್ದರೆ ನನ್ನ ಮಾತು ಕೇಳಬೇಡಿ, ಅವರ ಮಾತು ಕೇಳಿ.

ಮಗನಿಗೆ ಸುತ್ತಿ ಬಳಸಿ ಹೇಳುವುದು ಬೇಡ. ಆ ಅಜ್ಜನ ಮಾತನ್ನು ಹಾಗೇ ಹೇಳಿ, ನಗುತ್ತಾನೆ. ಬೆಳಗಿನ ವಾಕಿಂಗ್‌ಗೆ ಅವನು ಕೊಟ್ಟದ್ದು ಕಟ್ಟಿ, ಕೌಂಟರ್‌ಗೆ ನಿಮ್ಮದು. ಹಳೆ ವಾಚಿನ ಚೈನ್ ಕೊಂಡಿ ಸಡಿಲವಾಗಿದ್ದರೆ ಹೊಸ ಚೈನ್ ಕೊಡಿಸುವ ಕೆಲಸ ಅವನಿಗೇ ಬಿಡಿ. ಅಳತೆಗೆ ವಾಚನ್ನೇ ಕಳಿಸಿ. ಅಂದಾಜಿನಲ್ಲಿ ತಂದ ಚೈನ್ ಕೂತದ್ದು ನಾನು ನೋಡಿಲ್ಲ.

ಪ್ರಶ್ನೆ: ಐಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಹಾಲ್‌ಗೆ ವಾಚ್ ಕಟ್ಟಿಕೊಂಡು ಹೋಗಬಹುದಾ?
- ವಿದ್ಯಾರ್ಥಿ, ಧಾರವಾಡ

ಉತ್ತರ: ಯುಪಿಎಸ್‌ಸಿ ಮಾಮೂಲಿ ವಾಚ್ ಬಿಡುತ್ತದೆ, ಸ್ಮಾರ್ಟ್‌ವಾಚ್ ಬಿಡುವುದಿಲ್ಲ. ನೀಟ್‌ನಂಥ ಪರೀಕ್ಷೆಯಲ್ಲಿ ಯಾವ ವಾಚೂ ಇಲ್ಲ. ಹಾಗಾಗಿ ಬೇರೆ ಪರೀಕ್ಷೆಗೆ ಹೋಗುವಾಗ ಹಾಲ್ ಟಿಕೆಟ್ ಹಿಂದಿನ ಸೂಚನೆ ಓದಿ. ಹನ್ನೆರಡು ಅಂಕಿಯೂ ದಪ್ಪಗೆ ಕಾಣುವ ಬಿಳಿ ಡಯಲ್ ತಗೊಳ್ಳಿ. ಹೊಸ ವಾಚಾದರೆ ಒಂದು ವಾರ ಮೊದಲೇ ಕಟ್ಟಿ ಅಭ್ಯಾಸ ಮಾಡಿಕೊಳ್ಳಿ. ಬೆಲ್ಟ್ ಬಿಗಿಯಾಗಿ ಕೈ ಕೆರೆಯುತ್ತಾ ಪ್ರಿಲಿಮ್ಸ್ ಬರೆದ ಹುಡುಗ ನನ್ನ ಗಿರಾಕಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಹಳೆ ಎಚ್‌ಎಂಟಿ ಕೀ ವಾಚ್‌ಗಳು ಕಡಿಮೆ ಬೆಲೆಗೆ, ಹೊಸದರಂತೆ ಹೊಳೆಯುತ್ತಾ ಇವೆ. ತಗೊಳ್ಳಬಹುದಾ?
- ಓದುಗ, ಹಾಸನ

ಉತ್ತರ: ಹೊಳೆಯುವುದೇ ತೊಂದರೆ. ಅದು ಡಯಲ್‌ಗೆ ಬಣ್ಣ ಹೊಡೆದು ಮೇಲೆ ಹೆಸರು ಅಚ್ಚು ಹಾಕಿದ ಮಾಲು. ಕಡುನೀಲಿ, ಕಿತ್ತಳೆ ಡಯಲ್ ಕಂಡರೆ ಇನ್ನೂ ಜಾಸ್ತಿ ಅನುಮಾನ ಪಡಿ. ಅಕ್ಷರದ ಅಂಚು ಹರಡಿದೆಯಾ ನೋಡಿ. ಒಳಗಿನ ಮಿಷನ್ ಫೋಟೊ ಕೇಳಿ, ಕಳಿಸದಿದ್ದರೆ ಬಿಟ್ಟುಬಿಡಿ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಹತ್ತು ಕೈ ಬಿಚ್ಚಿದೆ ಅಂತ ಅರ್ಥ. ಬಣ್ಣ ಮಾಸಿದ, ಗ್ಲಾಸ್ ಗೀರಿದ ವಾಚ್ ಸಿಕ್ಕರೆ ಅದನ್ನೇ ತಗೊಳ್ಳಿ. ಪ್ಲಾಸ್ಟಿಕ್ ಗ್ಲಾಸ್‌ನ ಗೀರು ತಿಕ್ಕಿದರೆ ಹೋಗುತ್ತದೆ. ಬೆಂಗಳೂರಿಗೆ ಹೋದರೆ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಮ್ಯೂಸಿಯಂ ಇದೆ. ಅಸಲಿ ಡಯಲ್ ಹೇಗಿರುತ್ತದೆ ಅಂತ ಒಂದು ಸಲ ಕಣ್ಣಿಗೆ ತುಂಬಿಕೊಂಡು ಬಂದು, ಆಮೇಲೆ ಆರ್ಡರ್ ಮಾಡಿ.